ಪೇಮೆಂಟ್ ಪುಟಕ್ಕೆ ಎಕ್ಸ್‌ಸ್ಟೇಟ್ ಬೇಕಾ, ರೆಡ್ಯೂಸರ್ ಸಾಕಾ?

ಪ್ರಶ್ನೆ: ಮೇಡಂ, ರಿಯಾಕ್ಟ್‌ನಲ್ಲಿ (ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಪೇಮೆಂಟ್ ಪುಟ ಮಾಡುತ್ತಿದ್ದೇನೆ. ಲೋಡಿಂಗ್, ಎರರ್, ಸಕ್ಸಸ್, ರೀಟ್ರೈ ಅಂತ ನಾಲ್ಕು ಬೂಲಿಯನ್ (ಹೌದು/ಇಲ್ಲ ಅನ್ನುವ ಗುರುತು) ಇಟ್ಟಿದ್ದೇನೆ. ಮೊನ್ನೆ ನೋಡಿದರೆ ಲೋಡಿಂಗ್ ಚಕ್ರ ತಿರುಗುತ್ತಲೇ ಇದೆ, ಮೇಲೆ ‘ಪಾವತಿ ವಿಫಲ’ ಅಂತಲೂ ಬಂದಿದೆ! ಬಟನ್ ಎರಡು ಸಲ ಒತ್ತಿದರೆ ಎರಡು ರಿಕ್ವೆಸ್ಟ್ ಹೋಗುತ್ತದೆ. ಯಾವುದಾದರೂ ಸ್ಟೇಟ್ ಮಷೀನ್ (ಒಂದು ಸಲಕ್ಕೆ ಒಂದೇ ಸ್ಥಿತಿಯಲ್ಲಿ ಇರುವ ವ್ಯವಸ್ಥೆ) ಲೈಬ್ರರಿ ಹಾಕು ಅನ್ನುತ್ತಾರೆ ಟೀಮಿನವರು. ಯಾವುದು ಹಾಕಲಿ?

ಉತ್ತರ: ಲೈಬ್ರರಿ ಆಮೇಲೆ, ಮೊದಲು ಒಂದು ಹಾಳೆ ತಗೊಳ್ಳಿ. ನಾಲ್ಕು ಬೂಲಿಯನ್ ಅಂದರೆ 16 ಜೋಡಣೆ. ಅದರಲ್ಲಿ ನಿಮಗೆ ಬೇಕಾದ್ದು ನಾಲ್ಕೋ ಐದೋ, ಉಳಿದವೆಲ್ಲ ಬಗ್ ಬಂದು ಕೂರುವ ಜಾಗ, ಅಲ್ವಾ? ಬೇಕಾದ ಸ್ಟೇಟ್‌ಗಳನ್ನು ಬರೆದು ಬಾಣ ಎಳೆಯಿರಿ. ಐದಾರರಲ್ಲಿ ಮುಗಿದರೆ ರಿಯಾಕ್ಟ್‌ನಲ್ಲೇ ಇರುವ ಯೂಸ್‌ರೆಡ್ಯೂಸರ್ ಧಾರಾಳವಾಗಿ ಸಾಕು. ಆದರೆ ಸ್ವಿಚ್ ಬರೆಯುವಾಗ ಮೊದಲು ಈಗಿನ ಸ್ಟೇಟ್ ನೋಡಿ, ಆಮೇಲೆ ಆಕ್ಷನ್ (ಏನಾಯಿತು ಅನ್ನುವ ಸುದ್ದಿ). ಜಾಸ್ತಿ ಜನ ಇದನ್ನು ಉಲ್ಟಾ ಬರೆಯುತ್ತಾರೆ. ‘ಕಳಿಸುತ್ತಿದೆ’ ಸ್ಟೇಟಿನಲ್ಲಿ ‘ಪೇ’ ಆಕ್ಷನ್‌ಗೆ ಕೇಸೇ ಇಲ್ಲದಿದ್ದರೆ ಎರಡನೇ ಕ್ಲಿಕ್ ಏನೂ ಮಾಡುವುದಿಲ್ಲ. ಹಾಗಂತ ಸರ್ವರಿಗೆ ರಿಕ್ವೆಸ್ಟ್ ಕಳಿಸುವ ಫೆಚ್ ಅನ್ನು ಬಟನ್ನಿನ ಆನ್‌ಕ್ಲಿಕ್ ಒಳಗೇ ಇಟ್ಟರೆ ಇಷ್ಟೆಲ್ಲ ಮಾಡಿದ್ದೂ ದಂಡ. ಸ್ಟೇಟ್ ಬದಲಾದಾಗ ಅದು ಓಡಬೇಕು.

ಪ್ರಶ್ನೆ: ಯುಪಿಐ ಪೆಂಡಿಂಗ್ ಕೂಡ ಇದೆ ಮೇಡಂ. ಮೂರು ಸೆಕೆಂಡಿಗೊಮ್ಮೆ ಸರ್ವರ್ ಕೇಳಬೇಕು, ಐದು ನಿಮಿಷಕ್ಕೆ ಟೈಮ್‌ಔಟ್, ನಡುವೆ ಕ್ಯಾನ್ಸಲ್.

ಉತ್ತರ: ಅದನ್ನು ಮೊದಲೇ ಹೇಳಬಾರದಿತ್ತಾ! ಹಾಗಾದರೆ ಎಕ್ಸ್‌ಸ್ಟೇಟ್ ಅನ್ನುವ ಸ್ಟೇಟ್ ಮಷೀನ್ ಲೈಬ್ರರಿ ಹಾಕಿ. ಸ್ಟೇಟ್ ಒಳಗೆ ಸ್ಟೇಟ್ ಇಡಬಹುದು. ಈ ಯೋಚನೆ ಡೇವಿಡ್ ಹ್ಯಾರೆಲ್ 1987ರಲ್ಲಿ ಬರೆದ ಸ್ಟೇಟ್‌ಚಾರ್ಟ್ ಪ್ರಬಂಧದ್ದು, ಹೊಸದೇನಲ್ಲ. ‘ಪೆಂಡಿಂಗ್’ ಅನ್ನುವ ದೊಡ್ಡ ಸ್ಟೇಟಿಗೆ ‘ಆಫ್ಟರ್’ (ಇಷ್ಟು ಹೊತ್ತಾದ ಮೇಲೆ) ಕೊಟ್ಟು ಐದು ನಿಮಿಷ ಬರೆಯಿರಿ. ‘ಕೇಳು’, ‘ಕಾಯಿ’ ಎರಡನ್ನೂ ಅದರ ಒಳಗೆ ಇಡಿ. ಕ್ಯಾನ್ಸಲ್ ಒತ್ತಿ ಹೊರಗೆ ಬಂದರೆ ಟೈಮರ್ ತಾನೇ ನಿಲ್ಲುತ್ತದೆ. ಕ್ಲಿಯರ್‌ಟೈಮ್‌ಔಟ್ ಮರೆತು ಒದ್ದಾಡುವುದು ತಪ್ಪುತ್ತದೆ. ರೋಬೋಟ್ ಅನ್ನುವ ಇನ್ನೊಂದು ಲೈಬ್ರರಿ ತುಂಬಾ ಹಗುರ, ನನಗೂ ಇಷ್ಟ, ಆದರೆ ಇಷ್ಟು ಟೈಮರ್ ಇರುವ ಕಡೆ ಕೈಕೆಲಸ ಜಾಸ್ತಿ. ಒಂದು ಎಚ್ಚರ: ಎಕ್ಸ್‌ಸ್ಟೇಟಿನ ಐದನೇ ಆವೃತ್ತಿ 2023ರ ಡಿಸೆಂಬರಿನಲ್ಲಿ ಬಂತು. ಹಳೆಯ ಉದಾಹರಣೆಗಳಲ್ಲಿ ಇರುವ ‘ಇಂಟರ್‌ಪ್ರೆಟ್’ ಈಗ ‘ಕ್ರಿಯೇಟ್‌ಆಕ್ಟರ್’, ‘ಕಾಂಡ್’ ಈಗ ‘ಗಾರ್ಡ್’. ಕಾಪಿ ಮಾಡುವ ಮುಂಚೆ ಇವೆರಡನ್ನು ನೋಡಿ.

ಪ್ರಶ್ನೆ: ಅಂದರೆ ಇನ್ನು ಎರಡು ಸಲ ದುಡ್ಡು ಕಟ್ ಆಗಲ್ಲ ಅಲ್ವಾ?

ಉತ್ತರ: ಹಾಗೆ ಹೇಳಲಾರೆ. ಗಿರಾಕಿ ಪುಟ ರಿಫ್ರೆಶ್ ಮಾಡಿದರೆ ನಿಮ್ಮ ಮಷೀನೂ ಮೊದಲಿನಿಂದ ಶುರು. ಪ್ರತಿ ಆರ್ಡರಿಗೆ ಒಂದು ಐಡೆಂಪೊಟೆನ್ಸಿ ಕೀ (ಆ ಆರ್ಡರಿಗೆ ಮಾತ್ರ ಸೇರಿದ ಗುರುತು) ಕಳಿಸಿ, ಅದೇ ಕೀ ಮತ್ತೆ ಬಂದರೆ ಸರ್ವರ್ ಹಳೆಯ ಉತ್ತರವನ್ನೇ ಕೊಡಲಿ. ಬ್ಯಾಕೆಂಡ್ ಹುಡುಗರ ಹತ್ತಿರ ಇವತ್ತೇ ಮಾತಾಡಿ.