ಅಪ್ಪನ ಯೆಜ್ಡಿ ಸ್ಟಾರ್ಟ್ ಆಯ್ತು, ಆದ್ರೆ ಬಿಳಿ ಹೊಗೆ ನಿಲ್ತಿಲ್ಲ

ಚಿಂಚ್‌ವಡ್ ಯೆಜ್ಡಿ:
ಎಲ್ರಿಗೂ ನಮಸ್ಕಾರ. ಯೆಜ್ಡಿ 250, ಎರಡು ಸೈಲೆನ್ಸರಿಂದು, 1992ರ ಗಾಡಿ, ಎಂಎಚ್ 12 ನಂಬರ್. ಅಪ್ಪ ಮೈಸೂರಿನವರು, ಪಿಂಪ್ರಿಗೆ ಕೆಲಸಕ್ಕೆ ಬಂದ್ಮೇಲೆ ನಮ್ಮೂರಲ್ಲಿ ಆದ ಗಾಡಿನೇ ಬೇಕು ಅಂತ ಇದನ್ನ ತಗೊಂಡಿದ್ರು. ಅವ್ರಿಗೆ ಮಂಡಿನೋವು ಶುರುವಾದ್ಮೇಲೆ 14 ವರ್ಷ ಸೊಸೈಟಿ ಪಾರ್ಕಿಂಗಲ್ಲಿ ತಾಡಪತ್ರಿ ಕೆಳಗೆ ನಿಂತಿತ್ತು. ಟ್ಯಾಂಕ್ ತೊಳೆದೆ, ಕಾರ್ಬೊರೇಟರ್ ಬಿಚ್ಚಿ ಜೆಟ್ ಕ್ಲೀನ್ ಮಾಡ್ದೆ, ಇಗ್ನಿಷನ್ ಪಾಯಿಂಟ್ (ಪ್ಲಗ್ಗಿಗೆ ಕಿಡಿ ಕೊಡಿಸೋ ಸ್ವಿಚ್) ಉಜ್ಜಿ 0.4 ಎಂಎಂ ಗ್ಯಾಪ್ ಇಟ್ಟೆ, ಹೊಸ ಪ್ಲಗ್ ಹಾಕ್ದೆ, ಆರನೇ ಕಿಕ್ಕಿಗೆ ಸ್ಟಾರ್ಟ್ ಆಯ್ತು. ಆದ್ರೆ ಬಿಳಿ ಹೊಗೆ ಅಂದ್ರೆ ಇಡೀ ಪಾರ್ಕಿಂಗ್ ತುಂಬುತ್ತೆ, ಹತ್ತು ನಿಮಿಷ ಆದ್ರೂ ನಿಲ್ಲಲ್ಲ, ಪ್ಲಗ್ ಎಣ್ಣೆಲಿ ಅದ್ದಿದಂಗೆ ಒದ್ದೆ. ಪೆಟ್ರೋಲಿಗೆ ಬೆರೆಸೋ 2ಟಿ ಆಯಿಲ್ ಲೀಟರಿಗೆ 40 ಎಂಎಲ್ಲೇ ಹಾಕ್ತಿರೋದು. ಇಲ್ಲಿನ ಮೆಕ್ಯಾನಿಕ್ ಸಿಲಿಂಡರ್ ಬೋರ್ ಮಾಡಿಸಿ (ಒಳಗೆ ಕೊರೆಸಿ) ಹೊಸ ಪಿಸ್ಟನ್ ಹಾಕ್ಬೇಕು ಅಂತಿದಾರೆ. ಮಾಡಿಸ್ಲಾ?

ಬಿಜಾಪುರ ಟು ಹಡಪ್ಸರ್:
ಬೋರ್ ಮಾಡ್ಸಬ್ಯಾಡ್ರಿ, ಸ್ವಲ್ಪ ತಡೀರಿ. ನೀವು ಬರ್ದಿದ್ದು ಓದಿದ್ರ ಎಡಗಡೆ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟ್ ಸುತ್ತ ಇರೋ ರಬ್ಬರ್ ರಿಂಗ್) ಹೋಗ್ಯದ ಅನಸ್ತದ. ಟು ಸ್ಟ್ರೋಕ್‌ನಾಗ ಪಿಸ್ಟನ್ ಮ್ಯಾಲೆ ಹೋದಾಗ ಕ್ರ್ಯಾಂಕ್ ಕೇಸು ಎಳೀತದ, ಅದು ಕಾರ್ಬೊರೇಟರಿಂದ ಪೆಟ್ರೋಲ್ ಎಳೀಬೇಕು, ಆದ್ರ ಸೀಲ್ ಗಟ್ಟಿಯಾಗಿ ಹೋಗಿದ್ರ ಪಕ್ಕದ ಕ್ಲಚ್ ಕಡೆಯಿಂದ ಗೇರ್ ಆಯಿಲ್ಲೂ ಎಳಕೊಂಡು ಸುಡ್ತದ. ರಬ್ಬರ್ ಅಲ್ಲೇನ್ರಿ, ಓಡಾಡಿದ್ರ ಎಣ್ಣೆ ಹತ್ತಿ ಮೆತ್ತಗಿರ್ತದ, 14 ವರ್ಷ ನಿಂತ್ರ ಒಣಗಿ ಸೆಟೀತದ.

ಆದ್ರ ಮೊದಲ ಹೊಗಿ ನೋಡಿ ತೀರ್ಮಾನ ಮಾಡಬ್ಯಾಡ್ರಿ, ಸೈಲೆನ್ಸರ್ ಒಳಗ ಕೂತ ಹಳೇ ಎಣ್ಣೆ ಸುಟ್ರೂ ಹಿಂಗ ಬರ್ತದ. ಗೇರ್ ಆಯಿಲ್ ಪೂರ್ತಿ ಇಳಿಸ್ರಿ, ಅಳೆದು ಹೊಸದು ಹಾಕ್ರಿ, ಮೂರ್ನಾಕು ದಿನ ಅರ್ಧರ್ಧ ತಾಸು ಓಡ್ಸಿ ಮತ್ತ ಇಳಿಸಿ ಅಳೀರಿ. ಕೆಳಗ ಸೋರಿಲ್ಲ, ಆದ್ರೂ ಕಡಿಮಿ ಬಂತಂದ್ರ ಸೀಲ್ ಅದು.

ಮಡಗಾಂವ್ 2ಟಿ:
ಬಿಸಿಯಾದ್ಮೇಲೆ ಆ್ಯಕ್ಸಿಲೇಟರ್ ಬಿಟ್ರೂ ರೇಸ್ (ಇಂಜಿನ್ ತಿರುಗೋ ವೇಗ) ಇಳೀದೆ ತಾನಾಗೇ ಏರುತ್ತಾ? ಏರಿದ್ರೆ ಬಲಗಡೆ ಡೈನಮೋ ಹಿಂದಿನ ಸೀಲೂ ಹೋಗಿದೆ, ಅಲ್ಲಿಂದ ಗಾಳಿ ಎಳೀತಿದೆ. ಎಡಗಡೆದು ಬರೀ ಹೊಗೆ ಕೊಡುತ್ತೆ, ಬಲಗಡೆದು ಪಿಸ್ಟನ್ನೇ ಜಾಮ್ ಮಾಡುತ್ತೆ, ದಯವಿಟ್ಟು ಅದನ್ನ ಹಂಗೇ ಓಡಿಸ್ಬೇಡಿ.

ಚಿಂಚ್‌ವಡ್ ಯೆಜ್ಡಿ:
ಗೇರ್ ಆಯಿಲ್ ಒಂದು ಲೀಟರ್ ಹಾಕಿದ್ದೆ, ಐದು ದಿನಕ್ಕೆ 700 ಎಂಎಲ್ ವಾಪಸ್ ಬಂತು, ಕೆಳಗೆ ಇಟ್ಟ ರಟ್ಟಿನ ಮೇಲೆ ಒಂದು ಹನಿನೂ ಇಲ್ಲ. ಮತ್ತೆ ಹೌದು, ಬಿಸಿಯಾದ್ರೆ ರೇಸ್ ಏರುತ್ತೆ.

ಬಿಜಾಪುರ ಟು ಹಡಪ್ಸರ್:
ಎರಡೂ ಬದಲಾಯಿಸ್ರಿ ಹಂಗಾರ. ಒಂದ ಮಾತು ನೆನಪಿಟ್ಕೋರಿ, ಇಂಜಿನ್ ಸ್ಪ್ರಾಕೆಟ್, ಕ್ಲಚ್ ತೆಗ್ಯಾಕ ಪುಲ್ಲರ್‌ (ಎಳೆದು ತೆಗಿಯೋ ಟೂಲ್) ನ ಬೇಕು. ಸುತ್ತಿಗಿಲೆ ಹೊಡೆಯಾಕ ಯಾರಿಗೂ ಬಿಡಬ್ಯಾಡ್ರಿ, ಒತ್ತಿ ಕೂಡಿಸಿದ ಕ್ರ್ಯಾಂಕ್ ಅದು, ಒಂದ ಏಟಿಗೆ ಅಲೈನ್‌ಮೆಂಟ್ ಹೋಗ್ತದ, ಆಮ್ಯಾಲೆ ಖರೇನ ದೊಡ್ಡ ಖರ್ಚು. ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ ಕೂಡಿಸ್ರಿ. ಪುಣೆಯ ನಾನಾ ಪೇಠ್‌ನಾಗಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹಳೇ ಸೀಲ್ ಕೈಯಾಗ ಹಿಡ್ಕೊಂಡ ಹೋಗ್ರಿ, ಸೈಜ್ ನೋಡಿ ಕೊಡ್ತಾರ.

ಚಿಂಚ್‌ವಡ್ ಯೆಜ್ಡಿ:
ಆಯ್ತು! ಎಡಗಡೆ ಸೀಲ್ ತೆಗೆದು ಬೆರಳಲ್ಲಿ ಸ್ವಲ್ಪ ಬಗ್ಗಿಸ್ದೆ, ಹಪ್ಪಳದ ಹಾಗೆ ಪಟ್ ಅಂತ ಮುರೀತು. ಎರಡೂ ಹೊಸದು ಹಾಕಿ ಸ್ಟಾರ್ಟ್ ಮಾಡಿದ್ರೆ ಮೊದಲ ಕಾಲು ಗಂಟೆ ಹೊಗೆ ಇತ್ತು, ನನಗೆ ಎದೆ ಧಸಕ್ ಅಂತು, ಆಮೇಲೆ ತೆಳುವಾಗ್ತಾ ಹೋಗಿ ಬರೀ 2ಟಿ ಹೊಗೆ ಉಳೀತು, ಐಡಲಿಂಗೂ ಏರದೆ ಒಂದೇ ಸಮ ಇದೆ. ಅಪ್ಪ ಮೂರನೇ ಮಹಡಿಯಿಂದ ಶಬ್ದ ಕೇಳಿ ಕೆಳಗೆ ಬಂದು, ಕಿಕ್ ಲಿವರನ್ನ ಒಳಗೆ ಒತ್ತಿ ಮುಂದಕ್ಕೆ ತಿರುಗಿಸಿ ಗೇರ್ ಲಿವರ್ ಮಾಡಿ ತೋರಿಸಿದ್ರು, ಕೈ ಇನ್ನೂ ಮರೆತಿಲ್ಲ. ಇಬ್ಬರಿಗೂ ತುಂಬಾ ತುಂಬಾ ಥ್ಯಾಂಕ್ಸ್, ನೀವು ಹೇಳದೆ ಇದ್ದಿದ್ರೆ ಚೆನ್ನಾಗಿದ್ದ ಸಿಲಿಂಡರನ್ನ ಬೋರಿಗೆ ಕೊಟ್ಟುಬಿಡ್ತಿದ್ದೆ.

ಟಯರ್ ಎರಡೂ ಸೀಳು ಬಿಟ್ಟಿವೆ, 3.25-16 ಹುಡುಕ್ಬೇಕು. ಆರ್‌ಸಿ ರಿನೀವಲ್ಲೂ ಬಾಕಿ, ಆರ್‌ಟಿಒಗೆ ಗಾಡಿ ತಗೊಂಡು ಹೋಗೋಕೆ ಮುಂಚೆ ಏನು ನೋಡ್ಕೋಬೇಕು?

ಮಡಗಾಂವ್ 2ಟಿ:
ಚಾಸಿ ನಂಬರ್ ಮೇಲಿನ ತುಕ್ಕು, ಪೇಂಟ್ ಸೀಮೆಎಣ್ಣೆ ಬಟ್ಟೆಲಿ ಒರೆಸಿ ಓದೋ ಹಾಗೆ ಮಾಡಿ, ಗ್ರೈಂಡರ್ ಮಾತ್ರ ಮುಟ್ಟಿಸ್ಬೇಡಿ. ಹಾರ್ನ್, ಬ್ರೇಕ್ ಲೈಟ್ ಕೆಲಸ ಮಾಡ್ಬೇಕು, ಇನ್ಶೂರೆನ್ಸ್, ಪಿಯುಸಿ ರೆಡಿ ಇಟ್ಕೊಳ್ಳಿ. ಫಾರ್ಮ್ 25 (ರಿನೀವಲ್ ಅರ್ಜಿ) ಕೊಟ್ಟು ಎನ್ವಿರಾನ್‌ಮೆಂಟ್ ಟ್ಯಾಕ್ಸ್ ಕಟ್ಬೇಕು, ಹೊಸ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟೂ ಬೇಕು, ರಿನೀವ್ ಆದ್ರೆ ಐದು ವರ್ಷಕ್ಕೆ ಸಿಗುತ್ತೆ. ಟಯರ್ ಮೊದಲು ಹಾಕ್ಸಿ, ಸೀಳಿದ ಟಯರಲ್ಲಿ ಅಲ್ಲಿವರೆಗೂ ಓಡಿಸ್ಕೊಂಡು ಹೋಗ್ಬೇಡಿ, ಟೆಂಪೊದಲ್ಲಿ ಹಾಕ್ಕೊಂಡು ಹೋದ್ರೂ ಪರವಾಗಿಲ್ಲ.