ಪದಚರ್ಚೆ: ‘ಕ್ರೈಸಿಸ್ ಆ್ಯಕ್ಟರ್’ಗೆ ಕನ್ನಡದಲ್ಲಿ ಏನನ್ನಬೇಕು? ಇವತ್ತು ರಾತ್ರಿಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಸ್ಯಾಂಡಿ ಹುಕ್ ಶಾಲೆಯ ಬಗ್ಗೆ ಒಂದು ಲೇಖನ ಅನುವಾದ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. 2012ರ ಡಿಸೆಂಬರ್ 14ರಂದು ಅಮೆರಿಕದ ಕನೆಕ್ಟಿಕಟ್‌ನ ಆ ಶಾಲೆಯಲ್ಲಿ 20 ಮಕ್ಕಳು, 6 ಮಂದಿ ಸಿಬ್ಬಂದಿ ಗುಂಡಿಗೆ ಬಲಿಯಾದರು. ಆಮೇಲೆ ಅಲ್ಲಿನ ರೇಡಿಯೊ, ಇಂಟರ್ನೆಟ್ ಮಾತುಗಾರ ಅಲೆಕ್ಸ್ ಜೋನ್ಸ್ ಮತ್ತು ಅವನಂಥವರು ವರ್ಷಗಟ್ಟಲೆ ಒಂದು ಮಾತು ಹಬ್ಬಿಸಿದರು. ಯಾರೂ ಸತ್ತಿಲ್ಲವಂತೆ. ಜನರ ಬಂದೂಕು ಕಿತ್ತುಕೊಳ್ಳಲು ಸರ್ಕಾರ ಆಡಿಸಿದ ನಾಟಕವಂತೆ. ಅಳುತ್ತಿರುವ ಅಪ್ಪ ಅಮ್ಮಂದಿರು ದುಃಖ ನಟಿಸುವ ‘ಕ್ರೈಸಿಸ್ ಆ್ಯಕ್ಟರ್’ಗಳಂತೆ.

‘ಬಿಕ್ಕಟ್ಟು ನಟ’ ಎಂದು ಬರೆದೆ. ಓದಿದರೆ ನಟನಿಗೇ ಬಿಕ್ಕಟ್ಟು ಬಂದಂತಿದೆ. ‘ಫಾಲ್ಸ್ ಫ್ಲ್ಯಾಗ್’, ‘ಕಾನ್ಸ್‌ಪಿರಸಿ ಥಿಯರಿ’ ಎರಡಕ್ಕೂ ಪದ ಬೇಕು. ದಯವಿಟ್ಟು ಬೇಗ ಹೇಳಿ.
– ಎಸ್.ಎನ್., ಮೈಸೂರು

*

‘ಬಿಕ್ಕಟ್ಟು ನಟ’ ಅನುವಾದವಲ್ಲ, ಪದದ ಮೇಲೆ ಪದ ಅಂಟಿಸಿದ್ದು. ಬಿಡಿ.

‘ಕಾನ್ಸ್‌ಪಿರಸಿ ಥಿಯರಿ’ಗೆ ‘ಪಿತೂರಿ ಸಿದ್ಧಾಂತ’ ಬೇಡ. ಪಿತೂರಿ ಅರಬ್ಬಿ-ಫಾರ್ಸಿ ಕಡೆಯಿಂದ ಬಂದದ್ದು. ಹುನ್ನಾರವೂ ಫಾರ್ಸಿಯ ಹುನರ್. ಅಲ್ಲಿ ಅದಕ್ಕೆ ಕುಶಲತೆ ಎಂದರ್ಥ. ನಮ್ಮದೇ ‘ಹೂಟ’ ಇದೆಯಲ್ಲ. ಕೂಡು-ಕೂಟ, ಓಡು-ಓಟ ಇದ್ದ ಹಾಗೆ ಹೂಡು-ಹೂಟ. ‘ಹೂಟಗತೆ’ ಅನ್ನಿ.
– ವಿ.ಕೆ., ಧಾರವಾಡ

*

ಹೂಟಗತೆ ಎಂದರೆ ನಮ್ಮ ಮನೆಯಲ್ಲೇ ಯಾರಿಗೂ ತಿಳಿಯುವುದಿಲ್ಲ. ಕತೆ ಸಂಸ್ಕೃತದ್ದು, ಅದನ್ನೇನು ಮಾಡುತ್ತೀರಿ? ಪಿತೂರಿ ಊರಿನ ಕಟ್ಟೆಯ ಮೇಲೂ ಕೇಳುವ ಮಾತು. ಅದು ಕನ್ನಡವೇ.

ನನ್ನ ತಕರಾರು ‘ಸಿದ್ಧಾಂತ’ದ ಮೇಲೆ. ಸಾಧಿಸಿ ತೋರಿಸಿ ಮುಟ್ಟಿದ ತೀರ್ಮಾನ ಸಿದ್ಧಾಂತ. ಇಲ್ಲಿ ಸಾಧಿಸಿದ್ದೇನು? 2022ರಲ್ಲಿ ಟೆಕ್ಸಸ್ ಕೋರ್ಟಿನಲ್ಲಿ ಜೋನ್ಸ್ ತಾನೇ ಆ ಹತ್ಯೆ ನಿಜ ಎಂದು ಒಪ್ಪಿಕೊಂಡ. ಅಲ್ಲಿನ ಜ್ಯೂರಿ (ತೀರ್ಪು ಹೇಳುವ ನಾಗರಿಕರ ಮಂಡಳಿ) ಮಗು ಕಳೆದುಕೊಂಡವರಿಗೆ ಸುಮಾರು 4.9 ಕೋಟಿ ಡಾಲರ್ ಕೊಡು ಎಂದಿತು. ಅದೇ ವರ್ಷ ಕನೆಕ್ಟಿಕಟ್ ಜ್ಯೂರಿ 96.5 ಕೋಟಿ ಡಾಲರ್ ಎಂದಿತು. ಇಂಥ ಸುಳ್ಳಿಗೆ ಸಿದ್ಧಾಂತ ಎಂಬ ಮಣೆ ಹಾಕಬೇಕಾ? ‘ಪಿತೂರಿ ಕಟ್ಟುಕತೆ’ ಸಾಕು.
– ಆರ್.ಎಂ., ಬೆಂಗಳೂರು

*

ನೀವು ಬರೆದ ‘ತಕರಾರು’ ಕೂಡ ಹೊರಗಿನದು. ಹೀಗೇ ಒಂದೊಂದಾಗಿ ಒಳಗೆ ಬಿಟ್ಟುಕೊಂಡರೆ ಹೊಸ ಪದ ಕಟ್ಟುವ ರೂಢಿಯೇ ತಪ್ಪಿಹೋಗುತ್ತದೆ. ನನ್ನ ನೋವು ಅದು.
– ವಿ.ಕೆ.

*

ವಿ.ಕೆ. ಸರ್, ಆ ಚರ್ಚೆ ಇನ್ನೊಂದು ದಿನ ಮಾಡೋಣ. ಮೇಡಂಗೆ ರಾತ್ರಿಯೊಳಗೆ ಬೇಕು.

‘ಕ್ರೈಸಿಸ್ ಆ್ಯಕ್ಟರ್’ ಮೊದಲು ಬೈಗುಳ ಆಗಿರಲಿಲ್ಲ. ಪೊಲೀಸರಿಗೆ, ಆಸ್ಪತ್ರೆಯವರಿಗೆ ತರಬೇತಿ ಕೊಡುವಾಗ ಮೈಗೆ ಕೆಂಪು ಬಳಿದುಕೊಂಡು ಗಾಯಾಳುಗಳಂತೆ ಮಲಗುವವರಿಗೆ ಇದ್ದ ಹೆಸರು. ನಮ್ಮಲ್ಲಿ ‘ಅಣಕು ಕಾರ್ಯಾಚರಣೆ’ ಎನ್ನುತ್ತೇವಲ್ಲ, ಅದರಲ್ಲಿ ಇರುವವರು. ಆ ಅರ್ಥಕ್ಕೆ ‘ಅಣಕು ಗಾಯಾಳು’ ಸರಿಹೋಗುತ್ತದೆ.

ಆದರೆ ನಿಮ್ಮ ಲೇಖನದಲ್ಲಿ ಅದು ಆರೋಪ. ಅಲ್ಲಿ ‘ಅಣಕು’ ಸಾಲದು. ಸ್ಯಾಂಡಿ ಹುಕ್‌ನಲ್ಲಿ ಮಗನನ್ನು ಕಳೆದುಕೊಂಡ ಒಬ್ಬ ತಂದೆ ಜನರ ಬಾಯಿ ಮುಚ್ಚಿಸಲು ಮಗನ ಮರಣ ಪ್ರಮಾಣಪತ್ರವನ್ನೇ ಹೊರಗೆ ಹಾಕಿದರು. ಸುಳ್ಳು ಹಬ್ಬಿಸುವವರು ಅದೂ ನಕಲಿ ಎಂದರು! 2019ರಲ್ಲಿ ವಿಸ್ಕಾನ್ಸಿನ್ ಜ್ಯೂರಿ ಅದಕ್ಕಾಗಿ 4.5 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಅದೇ ತಂದೆಗೆ ಕೊಲೆ ಬೆದರಿಕೆ ಹಾಕಿದ್ದಕ್ಕೆ 2017ರಲ್ಲಿ ಫ್ಲಾರಿಡಾದ ಒಬ್ಬ ಹೆಂಗಸಿಗೆ ಜೈಲಾಗಿತ್ತು. 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಗುಂಡಿಗೆ 17 ಮಂದಿ ಸತ್ತಾಗ, ಬದುಕಿ ಉಳಿದ ವಿದ್ಯಾರ್ಥಿಗಳಿಗೂ ಇದೇ ಪಟ್ಟ ಕಟ್ಟಿದರು. ಈ ಕ್ರೌರ್ಯ ಪದದಲ್ಲಿ ಕಾಣಬೇಕು. ‘ನಟ’ ಎಂದರೆ ಕಾಣುವುದಿಲ್ಲ. ‘ಸೋಗಿನ ಸಂತ್ರಸ್ತ’ ಹೇಗೆ?

‘ಫಾಲ್ಸ್ ಫ್ಲ್ಯಾಗ್’ಗೆ ‘ಸುಳ್ಳು ಬಾವುಟ’ ಬರೆಯಬೇಡಿ. ಹಿಂದೆ ಹಡಗಿನವರು ಬೇರೆ ದೇಶದ ಬಾವುಟ ಹಾರಿಸಿ ಹತ್ತಿರ ಬಂದು ದಾಳಿ ಮಾಡುತ್ತಿದ್ದರು, ಅಲ್ಲಿಂದ ಬಂದ ಮಾತು. ಆ ಹಿನ್ನೆಲೆ ನಮ್ಮ ಓದುಗರಿಗೆ ಇಲ್ಲ. ‘ತಾವೇ ಮಾಡಿ ಬೇರೆಯವರ ತಲೆಗೆ ಕಟ್ಟಿದ್ದು’ ಎಂದರೆ ಎಲ್ಲರಿಗೂ ತಿಳಿಯುತ್ತದೆ.
– ಜಿ.ಎಸ್., ಶಿವಮೊಗ್ಗ

*

ಸೋಗು ಒಳ್ಳೆಯದು. ಸಂತ್ರಸ್ತ ಬೇಡ. ಅದು ಸರ್ಕಾರಿ ಕಡತದ ಪದ, ಪರಿಹಾರದ ಚೆಕ್ಕಿನ ಜೊತೆ ಬರುವಂಥದ್ದು. ಮಗು ಕಳೆದುಕೊಂಡವರು ‘ನೊಂದವರು’. ‘ನೊಂದವರ ಸೋಗು ಹಾಕಿದವರು’ ಅನ್ನಿ. ಉದ್ದವಾದರೂ ಪರವಾಗಿಲ್ಲ.
– ವಿ.ಕೆ.

*

ವಿ.ಕೆ. ಸರ್, ಇದನ್ನೇ ತೆಗೆದುಕೊಳ್ಳುತ್ತೇನೆ. ಸಾಲು ಹೀಗಾಯಿತು: ‘ಮಗುವನ್ನು ಮಣ್ಣು ಮಾಡಿ ಬಂದವರನ್ನೇ ನೊಂದವರ ಸೋಗು ಹಾಕಿದವರು ಎಂದು ಜರೆದರು.’ ‘ಜರೆದರು’ ಎಂದು ಸೇರಿಸಿದ್ದು ಬೇಕೆಂದೇ. ಬರೀ ‘ಎಂದರು’ ಅಂದರೆ ನಾನೂ ಅದನ್ನು ಸುಮ್ನೆ ದಾಟಿಸಿದ ಹಾಗಾಗುತ್ತದೆ.

ಮೇಲಿನ ತಲೆಬರಹದಲ್ಲಿ ‘ಪಿತೂರಿ ಕಟ್ಟುಕತೆ’ ಇಟ್ಟಿದ್ದೇನೆ. ‘ಹೂಟ’ವನ್ನು ಒಳಗೆ ಒಂದು ಕಡೆ ಬಳಸಿದ್ದೇನೆ, ಜನರಿಗೆ ಅಭ್ಯಾಸವಾಗಲಿ. ಹನ್ನೊಂದು ಗಂಟೆಗೆ ಕಳಿಸುತ್ತೇನೆ. ಅಷ್ಟರೊಳಗೆ ಯಾರಿಗಾದರೂ ತಪ್ಪು ಕಂಡರೆ ಹೇಳಿ.
– ಎಸ್.ಎನ್.