ಮಾವನವರ ವಿನಾಂಪ್ 2.95: ಇಟ್ಕೊಳ್ಳೋದಾ, ತೆಗೆದು ಹಾಕೋದಾ?

ಶಿರಸಿ_ಸೀಮೆ:
ಎಲ್ಲರಿಗೂ ನಮಸ್ಕಾರ. ನನ್ನ ಹೆಂಡತಿಯ ಅಪ್ಪನ ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಲ್ಲಿ ವಿನಾಂಪ್ 2.95 ಅನ್ನೋ ಹಾಡು ಕೇಳೋ ತಂತ್ರಾಂಶ ಇದೆ. ಕ್ಯಾಸೆಟ್‌ಗಳಿಂದ ಅವರೇ ಕೂತು ಎಂಪಿ3 ಮಾಡಿಕೊಂಡ ತಾಳಮದ್ದಳೆಗಳೆಲ್ಲ ಅದರಲ್ಲೇ ಇವೆ. ಆ ಡಬ್ಬ ಈಗ ಆನ್ ಆಗೋಕೇ ಸತಾಯಿಸ್ತಿದೆ. ವಿಂಡೋಸ್ 11 ಇರೋ ಹೊಸದು ತಂದು, ಫೈಲೆಲ್ಲ ಕಾಪಿ ಮಾಡಿ, ಫೂಬಾರ್2000 ಅನ್ನೋ ಬೇರೆ ಪ್ಲೇಯರ್ ಹಾಕಿಕೊಟ್ಟೆ. ಹಾಡ್ತದೆ. ಆದ್ರೆ ಹೆಸರುಗಳ ಜಾಗದಲ್ಲಿ ತಲೆ ಮೇಲೆ ಗೆರೆ, ಚುಕ್ಕಿ ಇರೋ ಇಂಗ್ಲಿಷ್ ಅಕ್ಷರಗಳ ಗೋಜಲು. ಹಳೇದರಲ್ಲಿ ಲಕ್ಷಣವಾಗಿ ಕನ್ನಡ ಕಾಣ್ತಿತ್ತು. ಮಾವ "ನಂಗೆ ಅದೇ ಬೇಕು" ಅಂತಾರೆ, ಬಾಮೈದ "ಅಷ್ಟು ಹಳೇ ಸಾಫ್ಟ್‌ವೇರ್ ಹೊಸ ಮಷೀನಿಗೆ ಹಾಕಲೇಬೇಡಿ" ಅಂತಾನೆ. ಏನು ಮಾಡ್ಲಿ?

ಮೂಡಲ_ಮನೆ:
ಬಾಮೈದ ಹೇಳಿದ್ದೇ ಸರಿ. 2006ರಲ್ಲಿ ವಿನಾಂಪ್ 5.12ಕ್ಕೆ ಏನಾಯ್ತು ನೆನಪಿದೆಯಾ? ಪ್ಲೇಲಿಸ್ಟ್ ಫೈಲಿನೊಳಗೆ ಉದ್ದನೆಯ ಕಂಪ್ಯೂಟರ್ ಹೆಸರೊಂದನ್ನ ತುರುಕಿದ್ರೆ ಸಾಕು, ಹೊರಗಿನವನ ಕೋಡ್ ನಿಮ್ಮ ಮಷೀನಲ್ಲಿ ಓಡ್ತಿತ್ತು. ಅವಸರದಲ್ಲಿ 5.13 ಬಿಟ್ರು. 2.95ಕ್ಕೆ ಅಂಥ ರಿಪೇರಿ ಮಾಡೋಕೆ ಇವತ್ತು ಯಾರಿದಾರೆ?

ಬಿಟ್ರೇಟ್_ಭಟ್ಟ:
ಸ್ವಾಮಿ, ಆ ದಾಳಿಗೆ ಹೊರಗಿನ ಫೈಲ್ ಬೇಕು. ಇವರ ಮಾವ ಕೇಳೋದು ತಾವೇ ಮಾಡಿಟ್ಟ ಫೈಲ್. ವಿನಾಂಪಿಗೆ ಫೈರ್‌ವಾಲಲ್ಲಿ ನೆಟ್ ಮುಚ್ಚಿ, ನೆಟ್‌ನಿಂದ ಇಳಿಸಿದ ಪ್ಲೇಲಿಸ್ಟ್ ಅದರಲ್ಲಿ ತಾನಾಗೇ ತೆರೆಯದ ಹಾಗೆ ಮಾಡಿದ್ರೆ ಮುಗೀತು.

ಹುಬ್ಬಳ್ಳಿ_ಮಂದಿ:
ಶಿರಸಿಯವ್ರ, ಒಂದು ಕೇಳ್ತೀನ್ರಿ. ಹಳೇ ಕಂಪ್ಯೂಟರಿನ್ಯಾಗ ಮ್ಯಾಲಿನ ಸಣ್ಣ ಕಿಟಕ್ಯಾಗ ಹೆಸರು ಓಡತಾವಲ್ಲ, ಅಲ್ಲಿ ಗೋಜಲು, ಕೆಳಗ ಪ್ಲೇಲಿಸ್ಟಿನ್ಯಾಗ ಅಷ್ಟ ಕನ್ನಡ, ಹೌದಲ್ಲ?

ಶಿರಸಿ_ಸೀಮೆ:
ಹೌದು! ಹೆಂಗೆ ಗೊತ್ತಾಯ್ತು?

ಹುಬ್ಬಳ್ಳಿ_ಮಂದಿ:
ಅವು ಯುನಿಕೋಡ್ (ಎಲ್ಲಾ ಭಾಷೆಗೂ ಇರೋ ಈಗಿನ ಅಕ್ಷರ ಸಂಕೇತ) ಅಲ್ರಿ, ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಫಾಂಟಿನ್ಯಾಗ ಹೊಡೆದ ಹೆಸರು. ಫೈಲಿನೊಳಗ ಇರೋದು ಇಂಗ್ಲಿಷ್ ಅಕ್ಷರದ ಸಂಕೇತನ, ಫಾಂಟು ಅದಕ್ಕ ಕನ್ನಡದ ವೇಷ ಹಾಕ್ತದ. ಮ್ಯಾಲಿನ ಕಿಟಕಿ ಅಕ್ಷರ ಸ್ಕಿನ್ನಿನ, ಅಂದ್ರ ವಿನಾಂಪಿನ ಹೊರ ರೂಪದ, ಚಿತ್ರದಾಗಿಂದ ಬರ್ತಾವ, ಅಲ್ಲಿ ಫಾಂಟಿಂದೇನೂ ನಡೆಯೂದಿಲ್ಲ. ಪ್ಲೇಲಿಸ್ಟಿಗೆ ಮಾತ್ರ ಸ್ಕಿನ್ನಿನೊಳಗ ಒಂದು ಟೆಕ್ಸ್ಟ್ ಫೈಲ್ ಇರ್ತದ, ಅದ್ರಾಗ ಬಣ್ಣದ ನಾಕು ಸಾಲು, ಫಾಂಟಿನ ಹೆಸರಿಂದು ಒಂದು ಸಾಲು. ಸ್ಕಿನ್ ಅಂದ್ರ ಬರೇ ಝಿಪ್ ಫೈಲ್ರಿ, ಫೈಲ್ ಹೆಸರಿನ ಬಾಲ ಅಷ್ಟ ಬ್ಯಾರೆ. ಬಿಚ್ಚಿ ನೋಡ್ರಿ, ಏರಿಯಲ್ ಇರೋ ಕಡೆ ಯಾರೋ ನುಡಿ ಅಂತ ಬರ್ದಿರ್ತಾರ.

ಶಿರಸಿ_ಸೀಮೆ:
ಬಿಚ್ಚಿ ನೋಡಿದೆ, ನೀವು ಹೇಳಿದ ಹಾಗೇ ಇದೆ. ಯಾರು ಮಾಡಿದ್ದು ಅಂತ ಮಾವನ್ನ ಕೇಳಿದ್ರೆ "ಮತ್ಯಾರು, ನಾನೇ" ಅಂದ್ರು.

ಲಿನಕ್ಸ್_ಲಕ್ಷ್ಮಿ:
ಮಾವನವರಿಗೆ ನನ್ನದೊಂದು ನಮಸ್ಕಾರ ಹೇಳಿ.

ಆದ್ರೆ ಇದರ ಅರ್ಥ, ನಿಮಗೆ ಬೇಕಿರೋದು ವಿನಾಂಪ್ ಅಲ್ಲ, ಆ ಹೆಸರುಗಳು. ಅವನ್ನ ಒಂದ್ಸಲ ಯುನಿಕೋಡಿಗೆ ಬದಲಾಯಿಸಿಬಿಡಿ. ಎಂಪಿ3ಟ್ಯಾಗ್ ಅನ್ನೋ ಉಚಿತ ತಂತ್ರಾಂಶದಲ್ಲಿ ಎಲ್ಲ ಹೆಸರನ್ನೂ ಒಂದು ಟೆಕ್ಸ್ಟ್ ಫೈಲಿಗೆ ತೆಗೀಬಹುದು. ಅದನ್ನ ನುಡಿಯಿಂದ ಯುನಿಕೋಡಿಗೆ ಬದಲಿಸೋ ಪರಿವರ್ತಕಕ್ಕೆ ಕೊಡಿ, ಬಂದದ್ದನ್ನ ಅದೇ ಸಾಲಿನ ಕ್ರಮದಲ್ಲಿ ವಾಪಸ್ ತುಂಬಿಸಿ. ಸಾಲು ಒಂದು ಹೆಚ್ಚುಕಮ್ಮಿ ಆದ್ರೂ ಭೀಷ್ಮನ ಅರ್ಥ ಹೇಳಿದವರ ಹೆಸರು ಕರ್ಣನ ಫೈಲಿಗೆ ಹೋಗಿ ಕೂರತ್ತೆ, ಹುಷಾರು. ಆಮೇಲೆ ಫೂಬಾರ್, ಫೋನ್, ಎಲ್ಲಿ ನೋಡಿದ್ರೂ ಕನ್ನಡ.

ಬಿಟ್ರೇಟ್_ಭಟ್ಟ:
ಎಲ್ಲಿ ನೋಡಿದ್ರೂ, ವಿನಾಂಪ್ 2 ಒಂದು ಬಿಟ್ಟು. ಅದಕ್ಕೆ ಯುನಿಕೋಡ್ ಬರಲ್ಲ, ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ತೋರಿಸತ್ತೆ. ತಮಿಳು, ತೆಲುಗಿನ ಹಾಗೆ ಕನ್ನಡಕ್ಕೂ ವಿಂಡೋಸಿನಲ್ಲಿ ಹಳೇ ತಂತ್ರಾಂಶಗಳು ಬಳಸೋ ಕೋಡ್‌ಪೇಜ್, ಅಂದ್ರೆ ಒಂದು ಭಾಷೆಯ ಅಕ್ಷರಗಳ ಸಂಕೇತಪಟ್ಟಿ, ಇಲ್ಲ. ರಷ್ಯದವನಿಗೋ ಜಪಾನಿನವನಿಗೋ ಭಾಷೆಯ ಸೆಟ್ಟಿಂಗ್ ಬದಲಿಸಿದ್ರೆ ಹಳೇ ತಂತ್ರಾಂಶದಲ್ಲೂ ಅವನ ಲಿಪಿ ಬರ್ತಿತ್ತು. ನಮಗೆ ಆ ದಾರಿ ಇರಲಿಲ್ಲ. ಅದಕ್ಕೇ ಜನ ಫಾಂಟಿನ ಮೊರೆ ಹೋಗಿದ್ದು. ಈಗ ಬದಲಾಯಿಸಿದ್ರೆ ಮಾವ ಇಷ್ಟು ವರ್ಷ ನೋಡಿದ ಪರದೆ ಹಾಳಾಗತ್ತೆ.

ಲಿನಕ್ಸ್_ಲಕ್ಷ್ಮಿ:
ಭಟ್ರೇ, ಬದಲಾಯಿಸದೆ ಬಿಟ್ರೆ ಮೊಮ್ಮಕ್ಕಳಿಗೆ ಏನು ಉಳಿಯತ್ತೆ? ಆ ಫಾಂಟ್ ಇಲ್ಲದ ಕಡೆ ಆ ಹೆಸರುಗಳಿಗೆ ಅರ್ಥವೇ ಇಲ್ಲ, ಹುಡುಕಿದ್ರೂ ಸಿಗಲ್ಲ. ಪರದೆಯ ಚಂದವೇ ಬೇಕಂದ್ರೆ ಆಡೇಶಿಯಸ್ ಅನ್ನೋ ಪ್ಲೇಯರ್ ಇದೆ, ವಿನಾಂಪಿನ ಹಳೇ ಸ್ಕಿನ್ನುಗಳನ್ನ ಅದು ಹಾಗೇ ಹಾಕ್ಕೊಳ್ಳತ್ತೆ.

ಕರಾವಳಿ_ಕೇಳುಗ:
ವಿನಾಂಪ್ ಅಂದ ಕೂಡಲೇ ಹಳೇದೆಲ್ಲ ನೆನಪಾಯ್ತು ಮಾರಾಯ್ರೆ. 1997ರಲ್ಲಿ ಶುರು, 1999ರಲ್ಲಿ ಎಒಎಲ್ ಅನ್ನುವ ಅಮೆರಿಕದ ಇಂಟರ್ನೆಟ್ ಕಂಪನಿ ಕೊಂಡ್ಕೊಂಡಿತು. ಮೂರನೇ ಆವೃತ್ತಿ ಯಾರಿಗೂ ಬೇಡ ಆಯ್ತು, ನಾಲ್ಕನ್ನು ಹಾರಿಸಿ ಐದಕ್ಕೆ ಹೋದ್ರು. ಎರಡು ಕೂಡಿಸು ಮೂರು ಐದು ಅಂತೆ! 2013ರಲ್ಲಿ ಮುಚ್ತೇವೆ ಅಂದ್ರು, ಮತ್ತೊಬ್ಬರು ಕೊಂಡ್ರು. 2024ರಲ್ಲಿ ಸೋರ್ಸ್ ಕೋಡ್ ಹೊರಗೆ ಬಿಟ್ಟು, ಬದಲಿಸಿದ್ದನ್ನ ಹಂಚಬಾರದು ಅನ್ನುವ ಷರತ್ತು ಹಾಕಿ, ಬೈಸಿಕೊಂಡು, ಸ್ವಲ್ಪ ದಿನದಲ್ಲೇ ಅಳಿಸಿಯೂ ಬಿಟ್ರು.

ಮೂಡಲ_ಮನೆ:
ಚರಿತ್ರೆ ಇನ್ನೊಂದು ದಿನ ಮಾಡೋಣ ಸರ್. ಅವರ ಡಿಸ್ಕ್ ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಮೊದಲು ಎರಡು ಕಡೆ ಬ್ಯಾಕಪ್ ತಗೊಳ್ಳಿ.

ಹುಬ್ಬಳ್ಳಿ_ಮಂದಿ:
ಎರಡೂ ಇಟ್ಕೋರಿ, ಜಗಳ ಯಾಕ? ಮಾವನವ್ರ ಹಳೇ ಫೈಲ್ ಮುಟ್ಟಬ್ಯಾಡ್ರಿ, ನಕಲು ಮಾಡಿ ಅದನ್ನ ಬದಲಸ್ರಿ. ವಿನಾಂಪ್ 2 ವಿಂಡೋಸ್ 11ರಾಗೂ ಓಡ್ತದ. ಅದರ ಸೆಟ್ಟಿಂಗ್ ಎಲ್ಲಾ ಅದರ ಫೋಲ್ಡರಿನ್ಯಾಗ ಇರ್ತಾವ, ಆ ಫೋಲ್ಡರ್ ಎತ್ತಿ ಹೊಸಾದರಾಗ ಇಟ್ರ ಆತು. ಪ್ರೋಗ್ರಾಂ ಫೈಲ್ಸ್ ಒಳಗ ಮಾತ್ರ ಇಡಬ್ಯಾಡ್ರಿ, ಅಲ್ಲಿ ಬರಿಯಾಕ ವಿಂಡೋಸ್ ಬಿಡೂದಿಲ್ಲ. ಡಿ ಡ್ರೈವಿಗೆ ಹಾಕ್ರಿ, ಹಾಡಿನ ಫೋಲ್ಡರಿನ ದಾರಿನೂ ಮೊದಲಿನಂಗ ಇರಲಿ, ಇಲ್ಲಂದ್ರ ಪ್ಲೇಲಿಸ್ಟಿಗೆ ಫೈಲ ಸಿಗೂದಿಲ್ಲ. ನುಡಿ ಫಾಂಟ್ ಹಾಕೂದು ಮರೀಬ್ಯಾಡ್ರಿ. ಪರದೆ ಮ್ಯಾಲೆ ಭಾಳ ಸಣ್ಣದಾಗಿ ಕಂಡ್ರ ಕಂಟ್ರೋಲ್ ಮತ್ತು ಡಿ ಒತ್ರಿ, ಮ್ಯಾಲಿನ ಕಿಟಕಿ ದುಪ್ಪಟ್ಟು ಆಗ್ತದ.

ಶಿರಸಿ_ಸೀಮೆ:
ಹಾಕಿದೆ, ಓಡ್ತಿದೆ! ಮಾವ ಬಂದು ಕೂತು, ಮೌಸ್ ಮುಟ್ಟದೆ ಝಡ್, ಎಕ್ಸ್, ಸಿ, ವಿ ಕೀಗಳಲ್ಲೇ ಹಾಡು ಹಿಂದೆ ಮಾಡ್ತಾರೆ, ನಿಲ್ಲಿಸ್ತಾರೆ. ಜೆ ಒತ್ತಿ ಭಾಗವತರ ಹೆಸರು ಹುಡುಕ್ತಾರೆ. ಅದೂ ಗೋಜಲಿನ ಭಾಷೆಯಲ್ಲೇ, ನುಡಿಯ ಕೀಲಿಮಣೆ ಅವರ ಕೈಬೆರಳಲ್ಲಿದೆ.

ನಕಲಿನ ಮೇಲೆ ಲಕ್ಷ್ಮಿ ಮೇಡಂ ಹೇಳಿದ ವಿಧಾನ ಮಾಡಿದೆ. ಬಹಳಷ್ಟು ಸರಿಯಾಯ್ತು. ಕೆಲವಕ್ಕೆ ಮಾತ್ರ ಹೆಸರಿನ ಕೊನೆ ಕತ್ತರಿಸಿ ಹೋಗಿದೆ. ಒಂದೇ ಪ್ರಸಂಗದ ಎಲ್ಲ ಭಾಗಕ್ಕೂ ಒಂದೇ ಹೆಸರು, "ಭಾಗ 2", "ಭಾಗ 3" ಅನ್ನೋದೇ ಇಲ್ಲ.

ಬಿಟ್ರೇಟ್_ಭಟ್ಟ:
ಅದು ಪರಿವರ್ತಕದ ತಪ್ಪಲ್ಲ. ಎಂಪಿ3 ಹೆಸರಿನ ಮೊದಲ ಪದ್ಧತಿಯಲ್ಲಿ ಫೈಲಿನ ಕೊನೆಯ 128 ಬೈಟಲ್ಲಿ ಎಲ್ಲವೂ ಹಿಡೀಬೇಕು, ಹಾಡಿನ ಹೆಸರಿಗೆ ಸಿಗೋದು 30 ಬೈಟ್, ಅಂದ್ರೆ ನುಡಿಯ 30 ಸಂಕೇತ. ನುಡಿಯಲ್ಲಿ ಒತ್ತು, ದೀರ್ಘ ಎಲ್ಲಕ್ಕೂ ಬೇರೆ ಬೇರೆ ಸಂಕೇತ, ಮೂರು ಪದ ಬರೆಯೋಷ್ಟರಲ್ಲಿ ಜಾಗ ಖಾಲಿ. ಕತ್ತರಿಸಿ ಹೋದದ್ದು ಫೈಲಿನಲ್ಲಿ ಎಲ್ಲೂ ಉಳಿದಿರಲ್ಲ. ಫೈಲಿನ ಹೆಸರಲ್ಲೋ ಹಳೇ ಪ್ಲೇಲಿಸ್ಟಿನ ಕ್ರಮದಲ್ಲೋ ಸುಳಿವು ಸಿಗಬಹುದು.

ಲಿನಕ್ಸ್_ಲಕ್ಷ್ಮಿ:
ಅದಕ್ಕೇ ಹೇಳೋದು, ಮಾವನವರು ಇರುವಾಗಲೇ ಪಕ್ಕದಲ್ಲಿ ಕೂರಿಸಿಕೊಂಡು ತುಂಬಿಸಿ. ಯಾವ ಭಾಗ, ಯಾವ ಊರಿನ ಕೂಟ, ಅರ್ಥ ಹೇಳಿದವರು ಯಾರು, ಎಲ್ಲ ಅವರಿಗೆ ಗೊತ್ತಿರತ್ತೆ.

ಕರಾವಳಿ_ಕೇಳುಗ:
ಮೂಲ ಕ್ಯಾಸೆಟ್ ಇದ್ದರೆ ಅದರ ಕವರಿನ ಮೇಲೆ ಬರೆದಿರ್ತಾರೆ. ಇದೆಯಾ?

ಶಿರಸಿ_ಸೀಮೆ:
ಅಟ್ಟದ ಮೇಲೆ ಎರಡು ಪೆಟ್ಟಿಗೆ ಇದೆ, ಮಳೆಗಾಲದ ಬೂಸ್ಟು ಹಿಡಿದಿದೆ. ಕವರ್ ಮೇಲೆ ಪೆನ್ನಲ್ಲಿ ಬರೆದದ್ದು ಓದೋಕೆ ಬರ್ತಿದೆ, ಎ ಮಗ್ಗಲು ಬಿ ಮಗ್ಗಲು ಸಮೇತ. ಭಾನುವಾರ ಇಬ್ಬರೂ ಕೂತ್ಕೋತೀವಿ. ಕ್ಯಾಸೆಟ್ ಡೆಕ್ ರಿಪೇರಿ ಮಾಡೋರು ಶಿರಸಿ ಕಡೆ ಯಾರಾದ್ರೂ ಇದ್ರೆ ಹೇಳಿ.